ಹಳದಿ ವಸಂತ, ಒಂದು ಸೌಟು ಉಪ್ಪಿಟ್ಟು

ಮೊನ್ನೆ ರಾಲಿ ಪಟ್ಟಣದಲ್ಲಿ ಸಿಪಿಆರ್ ಸರ್ಟಿಫಿಕೇಟ್ ರಿನ್ಯೂ ಮಾಡಿಸಲು ಹೋಗಿದ್ದೆ. ಯಾರಿಗಾದರೂ ಉಸಿರು ನಿಂತರೆ ಎದೆ ಒತ್ತಿ ಬದುಕಿಸುವ ವಿದ್ಯೆ ಅದು. ಎರಡು ವರ್ಷಕ್ಕೊಮ್ಮೆ ಮತ್ತೆ ಕಲಿತು ತೋರಿಸಬೇಕು. ನೆಲದ ಮೇಲೆ ಸಾಲಾಗಿ ಮಲಗಿಸಿದ್ದ ರಬ್ಬರ್ ಬೊಂಬೆಗಳ ಮುಖವನ್ನು ಯಾರೋ ಸ್ಪಿರಿಟ್ ಹಾಕಿ ಒರೆಸುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಕಿಸಕ್ಕೆಂದು ನಗು ಬಂದುಬಿಟ್ಟಿತು. ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ ಹುಡುಗಿ, ಈ ಆಂಟಿಗೆ ಏನಾಯಿತಪ್ಪಾ ಎನ್ನುವ ಹಾಗೆ ತಿರುಗಿ ನೋಡಿದಳು. ಪಾಪ, ಅವಳಿಗೇನು ಗೊತ್ತು? ನನಗೆ ನೆನಪಾದದ್ದು ನಾನು ಇದೇ ಕೋಣೆಗೆ ಮೊದಲ ಸಲ ಬಂದ ವಸಂತ. ಉಪ್ಪಿಟ್ಟು ಬಡಿಸಿ ಫೇಲಾದ ವಸಂತ.

ನಾನು ಮೈಸೂರಿನ ಸರಸ್ವತಿಪುರಂನವಳು. ಗಂಡನ ಹಿಂದೆ ಡಿಪೆಂಡೆಂಟ್ ವೀಸಾದಲ್ಲಿ ಈ ದೇಶಕ್ಕೆ ಬಂದು, ರಾಲಿ ಪಕ್ಕದ ಮಾರಿಸ್‌ವಿಲ್‌ನಲ್ಲಿ ನೆಲೆಸಿದವಳು. ಕೆಲಸ ಮಾಡಬಹುದು ಎಂದು ಸರ್ಕಾರ ಒಪ್ಪುವ ಹೊತ್ತಿಗೆ ಮಕ್ಕಳಿಬ್ಬರೂ ಕಾಲೇಜಿಗೆ ಹೋಗಿದ್ದರು, ನನಗೆ ಐವತ್ತು ದಾಟಿತ್ತು. ಅಷ್ಟು ವರ್ಷ ನನ್ನ ಹೆಸರು ಉಳಿದದ್ದು ಊಟ ಹಾಕುವುದರಲ್ಲಿ. ಪದ್ಮನ ಮನೆಗೆ ಹೋದರೆ ಹೊಟ್ಟೆ ಬಿರಿಯುವವರೆಗೂ ಬಿಡುವುದಿಲ್ಲ ಎಂದು ಜನ ಹೇಳಿದರೆ ನನಗೆ ಒಳಗೊಳಗೇ ಜಂಬ.

ಶೈಲಾ ನನಗೆ ಸಿಕ್ಕಿದ್ದು ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ. ಭಾನುವಾರ ಪೂಜೆ ಮುಗಿದ ಮೇಲೆ ಅವಳ ಗಂಡ ಮೋಹನ್ ಊಟದ ಹಾಲಿಗೆ ಬಂದು ಗಬಗಬ ತಿಂದು ಓಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಶೈಲಾ ಒಬ್ಬಳೇ ಬಂದು, ತಣ್ಣಗಾದ ಅನ್ನ ಸಾರು ಉಂಡು ಹೊರಡುತ್ತಿದ್ದಳು. ಗಂಡ ಹೆಂಡತಿ ಜಗಳವೇನೋ ಅಂದುಕೊಂಡಿದ್ದೆ. ಒಂದು ದಿನ ತಡೆಯಲಾರದೆ ಅವಳ ಹಿಂದೆಯೇ ಹೋಗಿ ನೋಡಿದರೆ, ಕಾರಿನಲ್ಲಿ ಅವರ ಮಗಳು ನಿಧಿ ಕಿವಿಗೆ ದಪ್ಪ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದಳು. ಇಪ್ಪತ್ತೆರಡರ ಹುಡುಗಿ, ಎತ್ತರದ ನಿಲುವು, ಅಮ್ಮನದೇ ಮೂಗು. ಆಟಿಸಂ ಇದೆ. ಆಡುವ ಮಾತು ಬೆರಳೆಣಿಕೆಯಷ್ಟು, ಅರ್ಥವಾಗುವುದು ಬಹಳ. ಗದ್ದಲ, ಗಂಟೆ, ಮೈಕು ಯಾವುದೂ ಆಗುವುದಿಲ್ಲ. ಹಾಗಾಗಿ ಒಬ್ಬರು ಒಳಗೆ, ಒಬ್ಬರು ಕಾರಿನಲ್ಲಿ. ದೇವಸ್ಥಾನ, ನಾಟಕ, ನೆಂಟರ ಮನೆ, ಎಲ್ಲಕ್ಕೂ ಇದೇ ಪಾಳಿ.

"ಸ್ಕೂಲ್ ಇರೋವರೆಗೂ ಪರವಾಗಿರ್ಲಿಲ್ಲ," ಅಂದಳು ಶೈಲಾ. "ಈಗ ಅದೂ ಮುಗೀತು. ಸ್ಟೇಟ್‌ನವ್ರು ರೆಸ್ಪಿಟ್ ಅಂತ ಅವರ್ಸ್ ಅಪ್ರೂವ್ ಮಾಡಿದಾರೆ. ಯಾರಾದ್ರೂ ಟ್ರೇನಿಂಗ್ ಆದವ್ರು ಬಂದು ಇವಳನ್ನ ನೋಡ್ಕೊಂಡು ನಮಗೆ ಬಿಡುವು ಕೊಡ್ಬಹುದು. ಆದ್ರೆ ಕನ್ನಡ ಗೊತ್ತಿರೋರು ಯಾರು ಸಿಗ್ತಾರೆ ಹೇಳಿ? ಇವಳು ಮನೇಲಿ ಬೇಕು ಬೇಡ ಅನ್ನೋದೆಲ್ಲ ಕನ್ನಡದಲ್ಲೇ."

ಹಾಗೇ ಮಾತಿಗೆ ಮಾತು ಬಂದು, ಅವಳ ಅಣ್ಣನ ಮಗಳ ಮದುವೆ ಮೇ ತಿಂಗಳಲ್ಲಿ ಅಟ್ಲಾಂಟಾದಲ್ಲಿ ಎಂದು ತಿಳಿಯಿತು. ಸೋದರತ್ತೆಯಾಗಿ ಆರತಿ ಎತ್ತಬೇಕಾದವಳು ಇವಳು. "ಮೋಹನ್ ಹೋಗಿ ಬರ್ತಾರೆ, ಸಾಕು" ಎಂದು ನಕ್ಕಳು. ಗಂಡ ಹೆಂಡತಿ ಒಟ್ಟಿಗೆ ಒಂದು ಮದುವೆಯ ಪಂಕ್ತಿಯಲ್ಲಿ ಕೂತು ಉಂಡು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿರಲಿಲ್ಲ.

"ನಾನೇ ಕಲೀತೀನಿ ಬಿಡಿ. ನೀವಿಬ್ರೂ ಹೋಗ್ಬನ್ನಿ ಮದುವೆಗೆ," ಅಂದುಬಿಟ್ಟೆ. ಬಾಯಿ ನನ್ನದು, ಯಾವಾಗಲೂ ನನಗಿಂತ ಮುಂದೆ.

ಟ್ರೇನಿಂಗ್ ಶುರುವಾದದ್ದು ಮಾರ್ಚ್ ಕೊನೆಯಲ್ಲಿ. ಪೈನ್ ಮರಗಳು ಹಳದಿ ಪರಾಗ ಉದುರಿಸುವ ಕಾಲ. ಕಾರು, ಮೇಲ್‌ಬಾಕ್ಸು, ಮೆಟ್ಟಿಲು ಎಲ್ಲದರ ಮೇಲೂ ಅರಿಶಿನ ಚೆಲ್ಲಿದ ಹಾಗೆ ಇರುತ್ತಿತ್ತು. ಸೀನುತ್ತ, ಕಣ್ಣು ಉಜ್ಜಿಕೊಳ್ಳುತ್ತ ರಾಲಿಗೆ ಡ್ರೈವ್ ಮಾಡುತ್ತಿದ್ದೆ. ಮೊದಲು ನನ್ನ ಹಿನ್ನೆಲೆ ತನಿಖೆಗೆ ಬೆರಳಚ್ಚು ತೆಗೆಯಬೇಕಿತ್ತು. ಮಷೀನಿಗೆ ನನ್ನ ಬೆರಳೇ ಹಿಡಿಸಲಿಲ್ಲ. ಪಾತ್ರೆ ಉಜ್ಜಿ ಉಜ್ಜಿ ಗೆರೆಗಳೆಲ್ಲ ಸವೆದುಹೋಗಿದ್ದವು. ಆಮೇಲೆ ಹೇಗೋ ಒತ್ತಿ ಒತ್ತಿ ತೆಗೆದರು.

ಕಲಿಸುತ್ತಿದ್ದವರು ಮಿಸ್ ಡಾರ್ಲೀನ್. ಈ ಕಡೆ ಹಿರಿಯ ಹೆಂಗಸರನ್ನು ಹಾಗೇ, ಹೆಸರಿನ ಮುಂದೆ ಮಿಸ್ ಸೇರಿಸಿ ಕರೆಯುತ್ತಾರೆ. ದಪ್ಪನೆಯ, ನಿಧಾನದ ಕಪ್ಪು ಹೆಂಗಸು. ಮಾತಿಗೆ ಮುಂಚೆ ಒಂದು 'ಹನಿ' ಸೇರಿಸುತ್ತಿದ್ದರು, ನಾವು 'ಚಿನ್ನಾ' ಅನ್ನುವ ಹಾಗೆ. ಬೊಂಬೆಯ ಎದೆ ಒತ್ತುವುದನ್ನು ಕಲಿತೆ, ಮಾತ್ರೆ ಕೊಡುವ ಕ್ರಮ ಕಲಿತೆ, ಫಿಟ್ಸ್ ಬಂದರೆ ಏನು ಮಾಡಬೇಕು, ಏನು ಮಾಡಬಾರದು ಎಂದು ಕಲಿತೆ. ಒಂದು ದಿನ ಅವರು ನಮ್ಮನ್ನೆಲ್ಲ ಜೋಡಿ ಜೋಡಿ ಕೂರಿಸಿ, ಒಬ್ಬರು ಇನ್ನೊಬ್ಬರಿಗೆ ಮೊಸರು ತಿನ್ನಿಸಿ ಅಂದರು. ತಿನ್ನುವವರು ಕೈಯನ್ನು ತೊಡೆಯ ಕೆಳಗಿಟ್ಟುಕೊಂಡು ತುಟಿಪಿಟಕ್ಕೆನ್ನದೆ ಕೂರಬೇಕು. ನನ್ನ ಜೋಡಿಯವನು ಒಬ್ಬ ಆಜಾನುಬಾಹು. ಒಂದು ಚಮಚ ನುಂಗುವಷ್ಟರಲ್ಲಿ ಇನ್ನೊಂದು ತುಟಿಗೆ ತಂದು ಒತ್ತುತ್ತಿದ್ದ. ಅಬ್ಬಬ್ಬಾ, ನನಗೆ ಬಂದ ಸಿಟ್ಟು! ಮನೆಗೆ ಬಂದು ನಮ್ಮವರ ಮುಂದೆ ಅವನಿಗೆ ಸಹಸ್ರನಾಮ ಮಾಡಿದೆ. ಅದೇ ಕೆಲಸವನ್ನು ನಾನೂ ಮಾಡುತ್ತೇನೆಂದು ಆಗ ಯಾರಾದರೂ ಹೇಳಿದ್ದರೆ ನಂಬುತ್ತಿರಲಿಲ್ಲ.

ತರಗತಿ ಮುಗಿದ ಮೇಲೆ ಕೊನೆಯ ಮೆಟ್ಟಿಲು, ನಿಧಿಯ ಮನೆಯಲ್ಲೇ ಪರೀಕ್ಷೆ. ನಾನು ಅವಳ ಜೊತೆ ಒಂದು ಮಧ್ಯಾಹ್ನ ಕಳೆಯಬೇಕು, ಮಿಸ್ ಡಾರ್ಲೀನ್ ಮೂಲೆಯಲ್ಲಿ ಕೂತು ನೋಡಬೇಕು, ಸರಿ ಅನ್ನಿಸಿದರೆ ಸಹಿ ಹಾಕಬೇಕು. ಶೈಲಾ ಹೊರಗೆ ಹೋಗಬೇಕೆಂದು ನಿಯಮ. ಅವಳು ಅಂಗಡಿಗೆ ಹೋಗುತ್ತೇನೆಂದು ಬ್ಯಾಗ್ ಹಿಡಿದು ಹೊರಟಳು. ನಾನು ಅಡಿಗೆಮನೆಗೆ ನುಗ್ಗಿ ನನ್ನ ಬ್ರಹ್ಮಾಸ್ತ್ರ ತೆಗೆದೆ. ಅವರೆಕಾಳು ಉಪ್ಪಿಟ್ಟು. ಫ್ರೋಜನ್ ಅವರೆಕಾಳಾದರೂ ಘಮ ಮನೆಯೆಲ್ಲ ತುಂಬಿತು. ನಿಧಿ ತಟ್ಟೆಗೆ ಹಾಕಿದ್ದನ್ನು ಒಂದು ರವೆಯೂ ಬಿಡದೆ ತಿಂದಳು. ನಾನು ಸೌಟು ಹಿಡಿದು ಎರಡನೇ ಸಲ ಹೋದೆ.

ಅವಳು ತಟ್ಟೆಯ ಮೇಲೆ ಅಂಗೈ ಇಟ್ಟು "ಬೇಡ" ಅಂದಳು.

ನಮ್ಮಲ್ಲಿ ಮೊದಲನೇ ಬೇಡಕ್ಕೆ ಯಾರು ಬೆಲೆ ಕೊಡುತ್ತಾರೆ? ಅದು ಸಂಕೋಚ. ಎರಡನೆಯದು ಮರ್ಯಾದೆ. ಮೂರನೆಯದಕ್ಕೂ ಬಿಡದೆ ಬಡಿಸಿದರೇ ಉಪಚಾರ. ಹೊಟ್ಟೆ ಹಸಿದವರೂ ಕೈ ಅಡ್ಡ ಹಿಡಿಯುತ್ತಾರೆ, ಬಡಿಸುವವಳು ಬೆರಳ ಸಂದಿಯಲ್ಲಾದರೂ ಹಾಕುತ್ತಾಳೆ, ಇಬ್ಬರಿಗೂ ಸಮಾಧಾನ. ನಾನು ಯೋಚನೆಯನ್ನೇ ಮಾಡಲಿಲ್ಲ. "ಒಂದೇ ಒಂದು ಸೌಟು ಕಂದಾ, ಆಂಟಿಗೋಸ್ಕರ!" ಎಂದು ಅವಳ ಕೈಯ ಪಕ್ಕದಿಂದ ಸೌಟು ತೂರಿಸಿದೆ. ಉಪ್ಪಿಟ್ಟು ಅವಳ ಬೆರಳ ಮೇಲೆ ಬಿತ್ತು.

ನಿಧಿ ಬೆರಳು ನೋಡಿಕೊಂಡಳು. ಮೆತ್ತಗಿನ, ಅಂಟುವ ಉಪ್ಪಿಟ್ಟು. ಆಮೇಲೆ ಅವಳು ಕಿರುಚಿದ ಕಿರುಚು ಇವತ್ತಿಗೂ ನನ್ನ ಕಿವಿಯಲ್ಲಿದೆ. ತಟ್ಟೆ ಗೋಡೆಗೆ ಹೋಯಿತು. ಅಂಗೈಯಿಂದ ಹಣೆಗೆ ಪಟಪಟನೆ ಹೊಡೆದುಕೊಳ್ಳುತ್ತ ಊಟದ ಮೇಜಿನ ಕೆಳಗೆ ನುಸುಳಿದಳು. ನಾನು "ಸಾರಿ ಕಂದಾ, ಸಾರಿ ಚಿನ್ನಾ" ಎಂದು ಬಗ್ಗಿ ಕೈ ಚಾಚಿದಷ್ಟೂ ಅವಳ ಕೂಗು ಜಾಸ್ತಿಯಾಯಿತು. ಮಿಸ್ ಡಾರ್ಲೀನ್ ನನ್ನ ಭುಜ ಹಿಡಿದು ಹಿಂದಕ್ಕೆಳೆದು, ಒಂದು ದಿಂಬನ್ನು ನೆಲದ ಮೇಲೆ ಅವಳ ಕಡೆ ಜಾರಿಸಿ, ದೂರ ಹೋಗಿ ಸುಮ್ಮನೆ ಕೂತರು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಶೈಲಾ ಬಂದಳು. ಅಂಗಡಿಗೆ ಹೋಗಿರಲೇ ಇಲ್ಲ. ಮನೆಯ ಮುಂದೆ ಕಾರಿನಲ್ಲೇ ಕೂತಿದ್ದಳು.

ಹೊರಡುವಾಗ ಮಿಸ್ ಡಾರ್ಲೀನ್ ಸಹಿ ಹಾಕಲಿಲ್ಲ. ಬೈಯಲೂ ಇಲ್ಲ. ಸೌತ್ ಕ್ಯಾರೊಲಿನಾದಲ್ಲಿದ್ದ ತಮ್ಮ ಅಜ್ಜಿಯೂ ಥೇಟ್ ನನ್ನಂತೆಯೇ ಎಂದು, ತಟ್ಟೆ ಖಾಲಿ ಕಂಡರೆ ಅವಳಿಗೆ ಅವಮಾನವಾಗುತ್ತಿತ್ತೆಂದು ನಕ್ಕರು. "ಆದರೆ ಹನಿ, ಆ ಹುಡುಗಿ ಬಾಯಲ್ಲೂ ಹೇಳಿದಳು, ಕೈಯಲ್ಲೂ ಹೇಳಿದಳು. ಅದಕ್ಕಿಂತ ಹೆಚ್ಚಾಗಿ ಅವಳು ಇನ್ನೇನು ಹೇಳಬೇಕಿತ್ತು?" ಇನ್ನೊಂದು ಅವಕಾಶ ಕೊಡುತ್ತೇನೆ, ಅದಕ್ಕೆ ಮೊದಲು ನಿಧಿ ನಿನ್ನನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಕು ಅಂದರು.

ನಿಧಿ ಬಿಟ್ಟುಕೊಳ್ಳುವ ಹಾಗೆ ಕಾಣಲಿಲ್ಲ. ಮರುದಿನ ಬಾಗಿಲಲ್ಲಿ ನನ್ನ ಮುಖ ಕಂಡದ್ದೇ "ಪದ್ಮ ಹೋಗು" ಅಂದಳು. ಆಂಟಿ ಇಲ್ಲ, ಗೀಂಟಿ ಇಲ್ಲ. ಶೈಲಾ ಹೊರಗೆ ಬಂದು ಎಂದಿನ ಮೃದು ದನಿಯಲ್ಲಿ, "ನೀವು ಬೇಜಾರ್ ಮಾಡ್ಕೋಬೇಡಿ ಪದ್ಮಕ್ಕ. ಮದುವೆಗೆ ಅವರೊಬ್ರೇ ಹೋಗ್ಲಿ. ನಂಗೇನು ಅಷ್ಟೊಂದು ಆಸೆ ಇಲ್ಲ" ಅಂದಳು. ಮನೆಗೆ ಬಂದು ಅತ್ತುಬಿಟ್ಟೆ. ನಮ್ಮವರು ಪಕ್ಕದಲ್ಲಿ ಕೂತು ಸಮಾಧಾನ ಮಾಡುವ ಬದಲು, "ಅಲ್ಲ ಕಣೇ, ನಿನ್ನ ಮುಂದೆ ಬೇಡ ಅಂದು ಗೆದ್ದವರು ಇಷ್ಟು ವರ್ಷದಲ್ಲಿ ಆ ಹುಡುಗಿ ಒಬ್ಬಳೇ. ಮೆಚ್ಚಬೇಕು" ಅಂದರು. ಅಳುತ್ತಲೇ ನಕ್ಕೆ.

ಮರುದಿನದಿಂದ ಕೈಯಲ್ಲಿ ಏನೂ ಹಿಡಿಯದೆ ಹೋಗಲು ಶುರು ಮಾಡಿದೆ. ಡಬ್ಬಿ ಇಲ್ಲ, ಹಣ್ಣಿಲ್ಲ. ಬರಿಗೈಯಲ್ಲಿ ಇನ್ನೊಬ್ಬರ ಮನೆಗೆ ಹೋಗುವುದು ನನಗೆ ಎಷ್ಟು ಕಷ್ಟ ಅಂತ ದೇವರಿಗೇ ಗೊತ್ತು. ಒಳಗೆ ಹೋಗದೆ ಮುಂದಿನ ಮೆಟ್ಟಿಲ ಮೇಲೆ ಕೂರುತ್ತಿದ್ದೆ. ನಿಧಿಗೆ ಆ ಹಳದಿ ಪುಡಿ ಕಂಡರಾಗದು. ಮೊದಲೆಲ್ಲ ಸ್ಕೂಲ್ ಬಸ್ಸು ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಹೊರಗೆ ಬಂದು, ಒದ್ದೆ ಬಟ್ಟೆ ಹಿಡಿದು ಕಾರು ಒರೆಸುತ್ತಿದ್ದಳು. ಒರೆಸಿ ಮುಗಿಸುವಷ್ಟರಲ್ಲಿ ಬಾನೆಟ್ಟಿನ ಮೇಲೆ ಮತ್ತೆ ಪುಡಿ ಉದುರಿರುತ್ತಿತ್ತು. ಅವಳು ಮತ್ತೆ ಮೊದಲಿಂದ ಶುರು.

"ನಾನೂ ಒರೆಸ್ಲಾ ನಿಧಿ?"

"ಬೇಡ."

"ಸರಿ."

ಆ 'ಸರಿ' ಹೇಳಿ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದಿದೆಯಲ್ಲ, ಅದರಂಥ ಕಷ್ಟದ ಕೆಲಸ ನಾನು ಈ ದೇಶದಲ್ಲಿ ಇನ್ನೊಂದು ಮಾಡಿಲ್ಲ. ನಾಲಿಗೆ ತುದಿಗೆ 'ಒಂಚೂರು' ಬಂದು ನಿಂತಿರುತ್ತಿತ್ತು. ನುಂಗಿಕೊಳ್ಳುತ್ತಿದ್ದೆ. ಮನೆಯಲ್ಲೂ ಅಭ್ಯಾಸ ಮಾಡಿದೆ. ನಮ್ಮವರು ಸಂಜೆ "ಕಾಫಿ ಬೇಡ ಕಣೆ" ಅಂದರೆ ಸರಿ ಎಂದು ಸ್ಟವ್ ಆರಿಸಿದೆ. ಹತ್ತು ನಿಮಿಷ ಬಿಟ್ಟು ಅಡಿಗೆಮನೆಗೆ ಬಂದು ಇಣುಕಿ, "ಏನೇ ಇದು, ಒಂದ್ಸಲ ಬೇಡ ಅಂದ್ರೆ ಬಿಟ್ಟೇಬಿಡೋದಾ?" ಎಂದು ಮುಖ ಊದಿಸಿಕೊಂಡರು. ಭಜನೆಗೆ ಬಂದ ಗೆಳತಿಯರು ನಾಚಿಕೊಂಡೇ ಅರೆಹೊಟ್ಟೆಯಲ್ಲಿ ಎದ್ದುಹೋದರು. ಪದ್ಮ ಈಚೆಗೆ ಕೈ ಬಿಗಿ ಮಾಡಿದ್ದಾಳೆ ಎಂದು ಮಾರಿಸ್‌ವಿಲ್ ತುಂಬ ಸುದ್ದಿ.

ಏಪ್ರಿಲ್ ಮಧ್ಯದಲ್ಲಿ ಒಂದು ಜೋರು ಮಳೆ ಬಂತು. ಹಳದಿ ನೀರು ರಸ್ತೆಯಂಚಿನಲ್ಲಿ ಹರಿದುಹೋಗಿ ಊರಿಗೆ ಊರೇ ತೊಳೆದಂತಾಯಿತು. ಮಾರನೇ ಬೆಳಿಗ್ಗೆ ನಿಧಿ ಕಾರಿನ ಸುತ್ತ ಒಂದು ಸುತ್ತು ಬಂದು, ಬಾಗಿಲ ಕೆಳಭಾಗದಲ್ಲಿ ಉಳಿದ ಕೆಸರಿನ ಗೆರೆ ನೋಡಿದಳು. ಆಮೇಲೆ ಮೆಟ್ಟಿಲ ಹತ್ತಿರ ಬಂದು ನನ್ನ ಮಡಿಲಿಗೆ ಒದ್ದೆ ಬಟ್ಟೆ ಹಾಕಿ, "ಪದ್ಮ. ಕೆಳಗೆ" ಅಂದಳು. ಬಗ್ಗಿ ಒರೆಸಿದೆ. ಸೊಂಟ ಹಿಡಿದುಕೊಂಡಿತು. ಯಾವ ಪದವಿ ಪ್ರದಾನದಲ್ಲೂ ಅಷ್ಟು ಸಂತೋಷ ಆಗಿರಲಿಲ್ಲ ನನಗೆ.

ಎರಡನೇ ಪರೀಕ್ಷೆಯ ದಿನ ಶೈಲಾ ನಿಜವಾಗಿಯೂ ಅಂಗಡಿಗೆ ಹೋದಳು. ನಾನು ಚಪಾತಿ, ಪಲ್ಯ ಮೇಜಿನ ಮೇಲಿಟ್ಟು ದೂರ ಕೂತೆ. ನಿಧಿ ತನಗೆ ಬೇಕಾದ್ದು ಬಡಿಸಿಕೊಂಡಳು, ಬೇಡ ಅಂದದ್ದು ಪಾತ್ರೆಯಲ್ಲೇ ಉಳಿಯಿತು. ಮಿಸ್ ಡಾರ್ಲೀನ್ ಸಹಿ ಹಾಕಿ, ಮಿಕ್ಕ ಚಪಾತಿಯನ್ನು ಕೇಳಿ ಹಾಕಿಸಿಕೊಂಡು ತಿಂದರು. ಮುಂದಿನ ವಾರ ನನ್ನ ಸರ್ಟಿಫಿಕೇಟ್ ಬಂತು. ಇನ್ನು ರಾತ್ರಿ ಉಳಿಯುವುದಕ್ಕೂ ಅಡ್ಡಿಯಿರಲಿಲ್ಲ.

ಮದುವೆಗೆ ಎರಡು ದಿನ ಮುಂಚೆ ನನ್ನ ಬ್ಯಾಗ್ ಹಿಡಿದು ಅವರ ಮನೆಗೆ ಹೋದರೆ ಶೈಲಾ, "ಬೇಡ ಪದ್ಮಕ್ಕ. ನಾನು ಹೋಗಲ್ಲ. ನಿಮಗ್ಯಾಕೆ ಸುಮ್ನೆ ತೊಂದ್ರೆ" ಅಂದಳು.

ಬೇಡ ಅಂದ ಮೇಲೆ ಬೇಡ! ಆ ವಸಂತವೆಲ್ಲ ನಾನು ಕಲಿತದ್ದೇ ಅದಲ್ಲವೇ? "ಸರಿ ಶೈಲಾ, ನಿಮ್ಮಿಷ್ಟ" ಎಂದು ಬ್ಯಾಗ್ ಎತ್ತಿಕೊಂಡು ಮನೆಗೆ ಬಂದೆ. ಎಂಥ ಸಂಯಮ ನನ್ನದು ಎಂದು ದಾರಿಯುದ್ದಕ್ಕೂ ಬೀಗಿದೆ. ಚಪ್ಪಲಿ ಬಿಡುವಷ್ಟರಲ್ಲಿ ಮೋಹನ್ ಫೋನ್ ಬಂತು.

"ಏನ್ರೀ ಪದ್ಮಾ ಅವ್ರೇ, ಒಂದ್ ಮಾತು ಬಲವಂತ ಮಾಡ್ಲಿಲ್ವಂತೆ? ಸೀರೆ ಎಲ್ಲ ಮಂಚದ ಮೇಲೆ ಹರಡ್ಕೊಂಡು ಅಳ್ತಾ ಕೂತಿದಾಳೆ!"

ಅಯ್ಯೋ ರಾಮ! ಯಾರ ಪಾಠ ಯಾರ ಮೇಲೆ ಪ್ರಯೋಗ ಮಾಡಿದೆ ನಾನು? ಬಿಟ್ಟಿದ್ದ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಕಾರು ಹತ್ತಿದೆ. ನೇರ ಶೈಲಾಳ ಕೋಣೆಗೇ ನುಗ್ಗಿದೆ.

"ಏಳಿ ಮೇಲೆ. ಯಾವ ಸೀರೆ ಧಾರೆಗೆ, ಯಾವುದು ರಿಸೆಪ್ಷನ್‌ಗೆ, ತೋರಿಸಿ."

"ಬೇಡ ಪದ್ಮಕ್ಕ, ಇವಳು ನಾನಿಲ್ದೆ ಮಲಗಲ್ಲ..."

"ಮಲಗ್ದೇ ಇದ್ರೆ ಇಬ್ರೂ ಕೂತಿರ್ತೀವಿ. ಆ ಹಸಿರು ಸೀರೆ ಕೊಡಿ, ಮಡಚ್ತೀನಿ."

"ಇಲ್ಲ, ನಿಮಗೆ ಕಷ್ಟ ಆಗತ್ತೆ..."

"ಆಗ್ಲಿ. ಕಷ್ಟ ಪಡೋಕೇ ಸರ್ಟಿಫಿಕೇಟ್ ಕೊಟ್ಟಿದಾರೆ ನಂಗೆ. ನಿಮ್ಮಣ್ಣನ ಮಗಳಿಗೆ ಆರತಿ ಎತ್ತೋಕೆ ಬೇರೆ ಯಾರಿದಾರೆ? ನೀವು ಹೋಗ್ದೇ ಇದ್ರೆ ನಾನು ನಿಮ್ಮನೆ ಮೆಟ್ಟಿಲು ತುಳಿಯಲ್ಲ, ನೋಡಿ ಮತ್ತೆ!"

ಮೂರನೇ ಸುತ್ತಿಗೆ ಶೈಲಾ ಕಣ್ಣೊರೆಸಿಕೊಂಡು ಹಸಿರು ಸೀರೆ ಕೈಗೆ ಕೊಟ್ಟಳು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನಿಧಿಗೆ ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಅನ್ನಿಸಿರಬೇಕು. ಅವಳಿಗೆ ವಿಷಯ ಬಿಡಿಸಿ ಹೇಳಿದೆವು: ಅಪ್ಪ ಅಮ್ಮ ಮದುವೆಗೆ, ಪದ್ಮ ಇಲ್ಲಿ, ಎರಡು ನಿದ್ದೆ ಆದ ಮೇಲೆ ಅಪ್ಪ ಅಮ್ಮ ವಾಪಸ್. ಅವಳು ಎರಡು ಬೆರಳು ಎತ್ತಿ ಅಮ್ಮನ ಮುಖದ ಹತ್ತಿರ ಹಿಡಿದು, "ಎರಡು" ಅಂದಳು.

ಶುಕ್ರವಾರ ಕಾರು ತಿರುವಿನಲ್ಲಿ ಮರೆಯಾದಾಗ ಅವಳಿಗಿಂತ ನನಗೇ ದಿಗಿಲು. ಆ ದಿನ ಸಲೀಸಾಗೇನೂ ಇರಲಿಲ್ಲ. ಕತ್ತಲಾದ ಮೇಲೆ ಕಿಟಕಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ನಾನು ಮಲಗು ಅನ್ನಲಿಲ್ಲ, ಒಂದು ಕುರ್ಚಿ ಎಳೆದುಕೊಂಡು ಜೊತೆಗೆ ಕೂತೆ. ಕೊನೆಗೆ ತಾನೇ ಹೋಗಿ ಹೊದ್ದು ಮಲಗಿದಳು. ಬೆಳಿಗ್ಗೆ ಎದ್ದವಳೇ ಒಂದು ಬೆರಳು ಮಡಚಿ ತೋರಿಸಿದಳು.

ಶನಿವಾರ ಮಧ್ಯಾಹ್ನ ಮೋಹನ್ ವಿಡಿಯೋ ಕಾಲ್ ಮಾಡಿದರು. ಗದ್ದಲ ಕೇಳಿಸದ ಹಾಗೆ ಸೌಂಡ್ ಕಡಿಮೆ ಮಾಡಿ ಫೋನನ್ನು ನಿಧಿಯ ಮುಂದಿಟ್ಟೆ. ಅಟ್ಲಾಂಟಾದ ಆ ಹಾಲಿನಲ್ಲಿ, ಉದ್ದ ಮೇಜಿನ ಮುಂದೆ, ಶೈಲಾ ಹಸಿರು ಸೀರೆಯಲ್ಲಿ, ಪಕ್ಕದಲ್ಲೇ ಮೋಹನ್. ಇಬ್ಬರ ಮುಂದೆಯೂ ಎಲೆ. ನಿಧಿ ಸ್ಕ್ರೀನಿಗೆ ಮೂಗು ತಾಗಿಸಿ, "ಅಪ್ಪ ಅಮ್ಮ ಊಟ" ಅಂದಳು. ಅವಳಿಗೂ ಅದು ಹೊಸ ನೋಟವೇ.

ಅಷ್ಟರಲ್ಲಿ ಶೈಲಾಳ ಅಣ್ಣ ಹೋಳಿಗೆ ತಟ್ಟೆ ಹಿಡಿದು ಬಂದರು. ಶೈಲಾ ಎರಡೂ ಕೈ ಎಲೆಯ ಮೇಲೆ ಚಾಚಿ "ಬೇಡ ಬೇಡ, ಅಣ್ಣಾ, ಸಾಕು" ಎಂದಳು. ಅವರು ಬಿಡುತ್ತಾರೆಯೇ? ಕೈ ಸರಿಸಿ ಹೋಳಿಗೆ ಹಾಕಲು ಬಗ್ಗಿದರು.

"ನೋ!" ನಿಧಿ ಫೋನಿಗೆ ಕೂಗಿದಳು. "ಅಮ್ಮ ಬೇಡ ಅಂದ್ಲು! ಬೇಡ!"

ಅಲ್ಲಿ ಪಂಕ್ತಿಗೆ ಪಂಕ್ತಿಯೇ ತಿರುಗಿತು. ಹೋಳಿಗೆ ಅಣ್ಣನ ಕೈಯಲ್ಲೇ ನಿಂತಿತು. ಮೇಜಿನ ಕೆಳಗಿನ ಆ ಮಧ್ಯಾಹ್ನ ಕಣ್ಮುಂದೆ ಬಂತು. ಆದರೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಶೈಲಾ ಫೋನನ್ನು ಹತ್ತಿರ ಎಳೆದುಕೊಂಡು ಮಗಳನ್ನು ನೋಡಿದಳು. ಕಣ್ಣು ತುಂಬಿತ್ತು, ನಗುತ್ತಿದ್ದಳು.

"ಇಲ್ಲ ಚಿನ್ನಾ. ಅಮ್ಮ ಸುಮ್ನೆ ಹೇಳಿದ್ದು. ಅಮ್ಮಂಗೆ ಬೇಕು. ನಂಗೆ ಬೇಕು ಅಣ್ಣಾ, ಹಾಕು. ತುಪ್ಪನೂ ಹಾಕು."

ನಿಧಿ ಹೋಳಿಗೆ ಎಲೆಗೆ ಬೀಳುವುದನ್ನೇ ನೋಡಿದಳು, ಅಮ್ಮ ಮೊದಲ ತುತ್ತು ಬಾಯಿಗಿಡುವವರೆಗೂ ನೋಡಿದಳು. ಆಮೇಲೆ "ಓಕೆ" ಎಂದು ಎದ್ದು ಕಾರು ಒರೆಸಲು ಹೋದಳು. ಅಲ್ಲಿ ನಿಂತಿದ್ದದ್ದು ನನ್ನ ಕಾರು.

ಭಾನುವಾರ ಸಂಜೆ ಅವರು ಬಂದಿಳಿದಾಗ ಶೈಲಾಳ ಮುಡಿಯಲ್ಲಿ ಬಾಡಿದ ಮಲ್ಲಿಗೆ ಇನ್ನೂ ಇತ್ತು. ನಿಧಿ ಓಡಿಹೋಗಿ ಅಮ್ಮನ ಕುತ್ತಿಗೆಯ ಹತ್ತಿರ ಮೂಸಿ, ಸಮಾಧಾನವಾಗಿ ಒಳಗೆ ಹೋದಳು. ನಾನು ಬ್ಯಾಗ್ ಹೆಗಲಿಗೇರಿಸಿ, ಮತ್ತೆ ಮೂರು ಸುತ್ತಿನ ಯುದ್ಧಕ್ಕೆ ಸಿದ್ಧಳಾಗಿ ಕೇಳಿದೆ.

"ಮುಂದಿನ ತಿಂಗಳೂ ಒಂದೆರಡು ದಿನ ಬರ್ಲಾ ಶೈಲಾ? ನೀವಿಬ್ರೂ ಎಲ್ಲಾದ್ರೂ ಹೋಗ್ಬನ್ನಿ."

ಶೈಲಾ ಒಂದು ಕ್ಷಣವೂ ತಡಮಾಡಲಿಲ್ಲ. "ಬೇಕು ಪದ್ಮಕ್ಕ. ಬನ್ನಿ," ಅಂದಳು.

ಒಳಗಿನಿಂದ ನಿಧಿಯ ದನಿ ಬಂತು.

"ಪದ್ಮ ಬೇಕು. ಉಪ್ಪಿಟ್ಟು ಬೇಡ."

"ಸರಿ," ಅಂದೆ.